ಬೇವಿನ ಮರ ಬಿಡದ ಕೋಳಿಗಳು

ಝರೆಪ್ಪ ಗೌಂಡಿ ಕೆಲಸದವನು. ಬೀದರ್ ಕಡೆಯ ಆ ಹಳ್ಳಿಯಲ್ಲಿ ಅರ್ಧ ಮನೆಗಳ ಗೋಡೆ ಎದ್ದದ್ದು ಅವನ ಕೈಯಿಂದಲೇ. ಅವನ ಹೆಂಡತಿ ಶರಣಮ್ಮ ಹಿತ್ತಿಲಲ್ಲಿ ಹನ್ನೆರಡು ನಾಟಿ ಕೋಳಿ ಸಾಕಿದ್ದಳು. ಹೊತ್ತು ಮುಳುಗುತ್ತಲೇ ಅವು ಬೇವಿನ ಮರ ಹತ್ತಿ ಕೊಂಬೆಯ ಮೇಲೇ ಮಲಗುತ್ತಿದ್ದವು.

ಆ ವರ್ಷ ಮಾಗಿಯ ಚಳಿ ಎಂದೂ ಇಲ್ಲದಷ್ಟು ಬಿತ್ತು. ಒಂದು ಬೆಳಿಗ್ಗೆ ಮರದ ಬುಡದಲ್ಲಿ ಎರಡು ಹೇಂಟೆಗಳು ಸೆಟೆದು ಬಿದ್ದಿದ್ದವು. ಶರಣಮ್ಮ ಅವನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕುಳಿತುಬಿಟ್ಟಳು. ಝರೆಪ್ಪನಿಗೆ ನೋಡಲಾಗಲಿಲ್ಲ.

"ಉಳಿದವಕ್ಕ ಒಂದು ಮನಿ ಕಟ್ಟತೀನಿ ತಡಿ," ಎಂದ.

ಮೂರೇ ದಿನದಲ್ಲಿ ಕಟ್ಟಿದ. ಇಟ್ಟಿಗೆಯ ಗೋಡೆ, ನುಣುಪಾದ ಗಿಲಾವು, ಮೇಲೆ ತಗಡು. ಗಾಳಿಯಾಡಲೆಂದು ನೆಲದ ಹತ್ತಿರ ಒಂದು ಕಿಂಡಿ. ಕೋಳಿಗಳು ಕೂರಲು ಕಬ್ಬಿಣದ ಪೈಪು, ನೂರು ವರ್ಷವಾದರೂ ಹುಳ ಹಿಡಿಯಬಾರದೆಂದು.

ಸಂಜೆ ಕೋಳಿಗಳು ಬಾಗಿಲವರೆಗೆ ಬಂದವು. ಕತ್ತು ಚಾಚಿ ಒಳಗೆ ಇಣುಕಿದವು. ತಿರುಗಿ ಮರ ಹತ್ತಿದವು.

ಝರೆಪ್ಪ ಬಿಡಲಿಲ್ಲ. ಅಟ್ಟಿಸಿ ಹಿಡಿದು, ಒಳಗೆ ತಳ್ಳಿ, ಚಿಲಕ ಹಾಕಿದ. ಬೆಳಗಿನವರೆಗೂ ಒಂದೇ ಗಲಾಟೆ. ಮರುದಿನ ಅವು ಬಿಸಿಲಿರುವಾಗಲೇ ಮರ ಹತ್ತಿದವು, ಅದೂ ಕೈಗೆಟುಕದ ಕೊಂಬೆಗೆ. ಹೀಗೇ ಎಂಟು ದಿನ ಕಳೆಯಿತು. ಅವನ ಮುಂಗೈ ತುಂಬ ಉಗುರಿನ ಗೀರು.

"ಇಷ್ಟು ಮಂದಿಗೆ ಮನಿ ಕಟ್ಟಿ ಕೊಟ್ಟೀನಿ. ಒಳಗ ಬರಂಗಿಲ್ಲ ಅಂತ ಒಬ್ರರ ಅಂದಾರೇನು? ಬುದ್ಧಿಗೇಡಿ ಕೋಳಿ!" ಎಂದು ಸಿಡುಕಿದ.

ಶರಣಮ್ಮ ಮೆಲ್ಲಗೆ ಕೇಳಿದಳು: "ಮನಿ ಚಂದ ಅದರಿ. ಆದ್ರ ನೀವು ಒಮ್ಮಿ ಒಳಗ ಕೂತು ನೋಡೀರೇನು?"

ಝರೆಪ್ಪ ನಕ್ಕುಬಿಟ್ಟ. ಆದರೂ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಸಂಜೆ ಯಾರೂ ಕಾಣದಂತೆ ಬಗ್ಗಿ ಗೂಡಿನೊಳಗೆ ಹೋಗಿ ಕುಳಿತ.

ಒಳಗೆ ಆಗಲೇ ಕತ್ತಲು. ಕಿಂಡಿಯಿಂದ ಬಂದ ಗಾಳಿ ಸೊಂಟಕ್ಕೇ ಚುಚ್ಚಿತು. ಏಳಲೆಂದು ಪೈಪು ಹಿಡಿದವನು ಥಟ್ಟನೆ ಕೈ ಹಿಂದೆಳೆದುಕೊಂಡ. ಮಂಜುಗಡ್ಡೆ ಮುಟ್ಟಿದಂತಾಗಿತ್ತು. ಇದರ ಮೇಲೆ ಬರಿಗಾಲಲ್ಲಿ ಇಡೀ ರಾತ್ರಿ!

ಹೊರಬಂದವನೇ ಮರಕ್ಕೆ ಏಣಿ ಇಟ್ಟು ಹತ್ತಿದ. ಇನ್ನೂ ಸ್ವಲ್ಪ ಬೆಳಕಿತ್ತು. ಕೋಳಿಗಳು ಒಂದಕ್ಕೊಂದು ಒತ್ತಿಕೊಂಡು ಕುಳಿತಿದ್ದವು. ಪ್ರತಿಯೊಂದೂ ಮೈಗರಿ ಉಬ್ಬಿಸಿಕೊಂಡು ಚೆಂಡಿನಂತಾಗಿತ್ತು. ಹೊಟ್ಟೆಯ ಮೆತ್ತನೆ ಗರಿಗಳನ್ನು ಕಾಲ ಬೆರಳುಗಳ ಮೇಲೆ ಕೌದಿಯಂತೆ ಇಳಿಬಿಟ್ಟಿದ್ದವು. ಕೊಕ್ಕು ರೆಕ್ಕೆಯ ಒಳಗೆ. ಕೊಂಬೆ ಮುಟ್ಟಿ ನೋಡಿದ. ಕಬ್ಬಿಣದ ಹಾಗೆ ಅದು ಕೊರೆಯುತ್ತಿರಲಿಲ್ಲ. ಅವಕ್ಕೆ ಇಲ್ಲದಿದ್ದುದು ತಲೆಯ ಮೇಲೊಂದು ಸೂರು ಮಾತ್ರ.

ಇದನ್ನೆಲ್ಲ ಇವಕ್ಕೆ ಯಾರು ಹೇಳಿಕೊಟ್ಟರು? ಇಷ್ಟು ವರ್ಷ ಹಿತ್ತಿಲಲ್ಲೇ ಇದ್ದವು. ಒಮ್ಮೆಯೂ ತಾನು ನೋಡಿರಲಿಲ್ಲ. ಝರೆಪ್ಪ ಕತ್ತಲಾಗುವವರೆಗೂ ಏಣಿಯ ಮೇಲೆ ನಿಂತೇ ಇದ್ದ.

ಮರುದಿನ ಪೈಪು ಕಿತ್ತು ಹಾಕಿದ. ಅದರ ಜಾಗದಲ್ಲಿ, ಇನ್ನಷ್ಟು ಎತ್ತರಕ್ಕೆ, ಅಗಲವಾದ ಮರದ ತೊಲೆ ಕೂರಿಸಿದ. ಕೆಳಗಿನ ಕಿಂಡಿ ಮುಚ್ಚಿ ಸೂರಿನ ಅಡಿಯಲ್ಲಿ ಸಣ್ಣದೊಂದು ತೆರೆದ. ಪಡುವಣ ಗೋಡೆಯಲ್ಲಿ ಕಿಟಕಿಯಷ್ಟು ಜಾಗ ಒಡೆದು, ಸಂಜೆಯ ಬೆಳಕು ಬರಲೆಂದು ಗಾಜು ಹಾಕಿದ. ಈ ಸಲ ಅಟ್ಟಲಿಲ್ಲ. ಹೊತ್ತು ಇಳಿಯುವಾಗ ಶರಣಮ್ಮ ಒಳಗೆ ಒಂದು ಹಿಡಿ ಜೋಳ ಚೆಲ್ಲಿದಳು. ಇಬ್ಬರೂ ದೂರ ಹೋಗಿ ಕುಳಿತರು.

ಮೊದಲ ದಿನ ಕೋಳಿಗಳು ಜೋಳ ತಿಂದು ಹೊರಬಂದವು. ಎರಡನೆಯ ದಿನವೂ ಅಷ್ಟೇ. ಝರೆಪ್ಪ ಚಡಪಡಿಸಿದ. "ಸುಮ್ಮಕ ಕೂಡ್ರಿ," ಎಂದಳು ಶರಣಮ್ಮ. ಐದನೆಯ ಸಂಜೆ ಮುದಿ ಹೇಂಟೆಯೊಂದು ತೊಲೆಯ ಮೇಲೆ ಹಾರಿ ಕುಳಿತು, ಕಾಲು ಬದಲಿಸಿ ನೋಡಿ, ಗರಿ ಉಬ್ಬಿಸಿತು. ಅದರ ಪಕ್ಕ ಇನ್ನೊಂದು ಬಂತು. ಕೊನೆಗೆ ಹುಂಜವೂ.

ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಬಿದ್ದಿತ್ತು. ಝರೆಪ್ಪ ಬಾಗಿಲು ತೆರೆದು ಒಳಗೆ ಕೈ ಚಾಚಿದ. ಬೆಂಕಿಯಿಲ್ಲ, ಕೆಂಡವಿಲ್ಲ. ಆದರೂ ಆ ಪುಟ್ಟ ಕೋಣೆ ಬೆಚ್ಚಗಿತ್ತು. ಹತ್ತು ಜೀವಗಳ ಬಿಸುಪು ಅದು. ಅವನು ಕೈ ಹಿಂದಕ್ಕೆ ತೆಗೆಯದೆ ಹೆಂಡತಿಯನ್ನು ಕೂಗಿದ: "ಶರಣೂ, ಲಗೂನ ಬಾ. ಇಲ್ಲಿ ಕೈ ಇಟ್ಟು ನೋಡು!"

ನೀತಿ: ನಾವು ಕೊಟ್ಟದ್ದನ್ನು ಒಲ್ಲೆ ಎಂದವರೆಲ್ಲ ದಡ್ಡರಲ್ಲ. ಒಂದು ಜೀವಕ್ಕೆ ಒಳ್ಳೆಯದು ಮಾಡಬೇಕೆಂದಿದ್ದರೆ, ಮೊದಲು ಅದು ಹೇಗೆ ಬದುಕುತ್ತದೆಂದು ಕಣ್ತುಂಬ ನೋಡಬೇಕು.