ಕಸದ ಬುಟ್ಟಿಗೆ ಹಾರಿದ ಶುಂಠಿ

ಸಕ್ಕರೆ ಕಾಯಿಲೆಯ ವಾಸುದೇವಯ್ಯ "ಶುಂಠಿ ಕಷಾಯ ಇರುವಾಗ ಇದೇಕೆ?" ಎಂದು ಮಾತ್ರೆಯ ಪೊಟ್ಟಣವನ್ನು ಕಸದ ಬುಟ್ಟಿಗೆ ಎಸೆದು, ತಟ್ಟೆಗೆ ಜಿಲೇಬಿ ಹಾಕಿಕೊಂಡರು. ಅಡುಗೆಕಟ್ಟೆಯ ಮೇಲಿದ್ದ ಶುಂಠಿಗೆ ಮೈಯೆಲ್ಲ ಉರಿಯಿತು.

"ಕೋಪವೇಕೆ? ಹೊಗಳಿದ್ದು ನಿನ್ನನ್ನೇ ಅಲ್ಲವೇ?" ಎಂದಿತು ಜಿಲೇಬಿ.

"ನನ್ನ ಹೆಸರು ಹೇಳಿ ನಿನ್ನನ್ನು ತಿನ್ನುವುದು ಹೊಗಳಿಕೆಯೇ? ಸಕ್ಕರೆ ಇಳಿಸಲು ನಾನು ತುಸು ಕೈಜೋಡಿಸಬಹುದು. ಮಾತ್ರೆಯ ಕೆಲಸವೂ ನನ್ನದೆಂದು ಯಾವಾಗ ಹೇಳಿದೆ? ನಾಳೆ ಇವರ ಕಣ್ಣು ಮಂಜಾದರೆ ಅಪವಾದ ಯಾರಿಗೆ?" ಎಂದು ಗುಡುಗಿದ ಶುಂಠಿ, ಉರುಳಿ ಬುಟ್ಟಿಗೆ ಹಾರಿತು.

ಸದ್ದು ಕೇಳಿ ಬಂದ ಹೆಂಡತಿ ಸುಭದ್ರಮ್ಮನಿಗೆ ಬುಟ್ಟಿಯಲ್ಲಿ ಶುಂಠಿಯ ಜೊತೆ ಮಾತ್ರೆಯೂ ಕಂಡಿತು. ಅವರು ಜಿಲೇಬಿಯ ತಟ್ಟೆ ಕಿತ್ತುಕೊಂಡು, ಗಂಡನ ಅಂಗೈಗೆ ಮಾತ್ರೆ ಇಟ್ಟರು. "ಮೊದಲು ಇದನ್ನು ನುಂಗಿ. ಕಷಾಯ ಆಮೇಲೆ."

ಬುಟ್ಟಿಯಿಂದ ಹೊರಬಂದು, ತೊಳೆಸಿಕೊಂಡು, ಕಷಾಯಕ್ಕಾಗಿ ಕುಟ್ಟಾಣಿಯಲ್ಲಿ ಜಜ್ಜಿಸಿಕೊಳ್ಳುವಾಗಲೂ ಶುಂಠಿ ಗೊಣಗುತ್ತಲೇ ಇತ್ತು.