ದೊಡ್ಡ ಮಡುವಿಗೆ ಇಳಿಯದ ನೊರೆ

ಮಕ್ಕಳೇ, ಕಾಡಿನ ನಡುವೆ ಹರಿಯುವ ಒಂದು ಹೊಳೆಯ ದಂಡೆಯಲ್ಲಿ ನೀರುನಾಯಿಗಳ ಬಿಲಗಳಿದ್ದವು. ಅವುಗಳಲ್ಲೊಂದು ಕೆಂಚಿಯದು. ಅವಳಿಗೆ ನೊರೆ ಎಂಬ ಮಗಳು. ನೊರೆ ತಾಯಿಯಷ್ಟೇ ಉದ್ದ ಬೆಳೆದಿದ್ದಳು, ಈಜಿನಲ್ಲಿ ತಾಯಿಯನ್ನೇ ಮೀರಿಸುತ್ತಿದ್ದಳು. ಆದರೆ ಎಲ್ಲದಕ್ಕೂ ಒಂದೇ ಪ್ರಶ್ನೆ: "ಅಮ್ಮಾ, ಇಲ್ಲಿ ಇಳೀಲಾ? ಅಮ್ಮಾ, ಈ ಮೀನು ಹಿಡೀಲಾ?" ಕೆಂಚಿಯೂ ಹೆಮ್ಮೆಯಿಂದ ಉತ್ತರ ಹೇಳುತ್ತಿದ್ದಳು.

ಒಂದು ದಿನ ಪಕ್ಕದ ಬಿಲದ ಮುದುಕಿ ತಡೆಯಲಾರದೆ ಕೇಳಿಯೇಬಿಟ್ಟಳು. "ಕೆಂಚೀ, ಮಗಳ ಕೈಕಾಲಿಗೆ ಕಸುವು ಬಂತು. ತಲೆಗೆ ಕೆಲಸ ಕೊಡೋದು ಯಾವಾಗ? ನೀನಿಲ್ಲದ ದಿನ ಅವಳು ಯಾರನ್ನ ಕೇಳಬೇಕು?"

ಮಾತು ಕೆಂಚಿಗೆ ನಾಟಿತು. ಮರುದಿನ ನೊರೆ "ಇಳೀಲಾ?" ಎಂದಾಗ, "ನೀರು ನೋಡು, ದಡ ನೋಡು. ಆಮೇಲೆ ನೀನೇ ಹೇಳು," ಎಂದಳು.

"ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?" ನೊರೆ ಮುಖ ಊದಿಸಿಕೊಂಡು ನೋಡದೆ ಧುಮುಕಿದಳು. ಸುಳಿಗೆ ಸಿಕ್ಕಿ ನೀರು ಕುಡಿದು ಕೆಮ್ಮುತ್ತಾ ಮೇಲೆ ಬಂದಳು. ಕೆಂಚಿ ಓಡಿ ಬಂದು ಅವಳ ಬೆನ್ನು ನೆಕ್ಕಿದಳು. ಆದರೂ ಅವಳು ಪಟ್ಟು ಬಿಡಲಿಲ್ಲ. ದಿನ ಕಳೆದಂತೆ ನೊರೆ ನೋಡುವುದನ್ನು ಕಲಿತಳು.

ಬೇಸಿಗೆಯ ಒಂದು ಬೆಳಿಗ್ಗೆ ಕೆಂಚಿ ದೂರ ಹೋಗಿದ್ದಳು. ನೊರೆಯ ಓರಗೆಯ ಬಿರುಸ ಎಂಬ ನೀರುನಾಯಿ ಗೆಳೆಯರನ್ನು ಕಟ್ಟಿಕೊಂಡು ಓಡಿ ಬಂದ. "ನೊರೆ, ಬಾ! ದೊಡ್ಡ ಮಡುವಿನಲ್ಲಿ ಮೀನು ಕುಣೀತಿವೆ. ಎಲ್ಲರೂ ಹೊರಟಿದ್ದೀವಿ!"

ಮಡುವಿನ ದಡದಲ್ಲಿ ನೊರೆ ನಿಂತು ನೋಡಿದಳು. ಮೀನುಗಳು ಕುಣಿಯುತ್ತಿರಲಿಲ್ಲ, ಬೆದರಿ ನೆಗೆಯುತ್ತಿದ್ದವು. ದಿನವೂ ಬಿಸಿಲು ಕಾಯಿಸುವ ಆಮೆಗಳು ಒಂದೂ ಇರಲಿಲ್ಲ.

"ತಡೀರಿ, ಏನೋ ಸರಿಯಿಲ್ಲ. ಬಂಡೆ ಹತ್ತಿ ನೋಡ್ತೀನಿ."

"ಪುಕ್ಕಲಿ! ಅಮ್ಮನ ಬಾಲ!" ಎಂದು ನಕ್ಕು ಬಿರುಸ ನೀರಿಗೆ ಹಾರಿದ. ಉಳಿದವರೂ ನಗುತ್ತಾ ನೀರಿನ ಅಂಚಿಗೆ ಓಡಿದರು.

ನೊರೆಗೆ ಅವಮಾನವಾಯಿತು. ತಾನೂ ಹಾರಿಬಿಡಲೇ ಎನ್ನಿಸಿತು. ಆದರೂ ಹಲ್ಲು ಕಚ್ಚಿ ಬಂಡೆ ಹತ್ತಿದಳು. ಮೇಲಿಂದ ನೋಡಿದರೆ, ನೀರಿನಡಿ ದಿಮ್ಮಿಯಂಥದ್ದೊಂದು ಮೆಲ್ಲಗೆ ಬಿರುಸನತ್ತ ತಿರುಗುತ್ತಿತ್ತು. ಮೊಸಳೆ!

"ಯಾರೂ ಇಳೀಬೇಡಿ! ಬಿರುಸಾ, ಎಡಕ್ಕೆ! ಕಲ್ಲಿನ ಸಂದಿಗೆ ನುಗ್ಗು!"

ಬಿರುಸ ನುಗ್ಗಿದ. ಮೊಸಳೆಯ ದವಡೆ ಕಲ್ಲಿಗೆ ಬಡಿಯಿತು. ಅವನ ಬಾಲದ ತುದಿ ಹರಿಯಿತು, ಜೀವ ಉಳಿಯಿತು.

ಸಂಜೆ ಗಾಯ ನೆಕ್ಕಿಕೊಳ್ಳುತ್ತಾ ಬಿರುಸ ಹೇಳಿದ, "ನೊರೆ, ಇನ್ನು ಮೇಲೆ ನೀನು ಹೇಳಿದ ಕಡೆಗೇ ಬರ್ತೀವಿ."

"ಬೇಡ," ಎಂದಳು ನೊರೆ. "ನನಗೂ ತಪ್ಪಾಗಬಹುದು. ನಾಳೆ ನಿಮ್ಮೆಲ್ಲರ ಕಣ್ಣೂ ತೆರೆದಿರಲಿ."

ಆಗತಾನೇ ಬಂದಿದ್ದ ಕೆಂಚಿ ಮಗಳಿಗೆ ಮೈ ತಾಗಿಸಿ ಕುಳಿತಳು.

ನೀತಿ: ಹತ್ತು ಜನ ಇಳಿದರೆಂದು ಇಳಿಯಬೇಡ, ನೋಡಿ, ಯೋಚಿಸಿ, ನೀನೇ ನಿರ್ಧರಿಸು.