ಆಟದಿಂದ ಎದ್ದ ಮಂಗಟ್ಟೆ

ದೃಢಚಂಚುವೆಂಬ ಮಂಗಟ್ಟೆ ಹಕ್ಕಿಗೆ ಜೂಜಿನ ಹುಚ್ಚಿತ್ತು. ಅವನ ಹೆಂಡತಿ ಮರದ ಪೊಟರೆಯ ಬಾಯಿಗೆ ಮಣ್ಣು ಮೆತ್ತಿಕೊಂಡು ಮರಿಯೊಡನೆ ಒಳಗಿದ್ದಳು. ಸಣ್ಣ ಬಿರುಕಿನಿಂದ ಅವನು ಕೊಟ್ಟದ್ದೇ ಅವರಿಬ್ಬರ ಊಟ. ಹಗಲೆಲ್ಲ ಹಣ್ಣು ಹೊತ್ತು ಉಣಿಸಿ, ಸ್ವಲ್ಪ ಬಿಡುವಾದಾಗ ಅವನು ಮುಸುವನೆಂಬ ಕರಿಮೋರೆಯ ಕೋತಿಯ ಬಳಿ ಆಟಕ್ಕೆ ಹೋಗುತ್ತಿದ್ದ. ಮುಸುವ ಮೂರು ಎಲೆಗಳಲ್ಲಿ ಒಂದರ ಕೆಳಗೆ ಅತ್ತಿಹಣ್ಣು ಮುಚ್ಚಿಡುತ್ತಿದ್ದ. ಯಾವುದೆಂದು ಹೇಳಿದವನಿಗೆ ಗೆಲುವು. ಸೋತಿರಲಿ, ಗೆದ್ದಿರಲಿ, ಸಂಜೆಯ ಊಟದ ಹೊತ್ತಿಗೆ ದೃಢಚಂಚು ಎದ್ದುಬಿಡುತ್ತಿದ್ದ.

ಒಂದು ದಿನ ಅವನು ಮುಟ್ಟಿದ ಎಲೆಯ ಕೆಳಗೆಲ್ಲ ಹಣ್ಣು ಸಿಕ್ಕಿ, ಎದುರಿಗೆ ರಾಶಿಯೇ ಬಿತ್ತು. ಹೊತ್ತಾಯಿತೆಂದು ಏಳಹೊರಟಾಗ ಮುಸುವ ಕೈ ಅಡ್ಡ ಹಿಡಿದ.

“ಗೆಲ್ಲುತ್ತಿರುವಾಗ ಏಳುವುದುಂಟೆ, ಮಿತ್ರ? ಇನ್ನೊಂದೇ ಆಟ. ಗೆದ್ದರೆ ಈ ಅತ್ತಿಮರವೇ ನಿನ್ನದು.”

 ದೃಢಚಂಚುವಿನ ಕೊಕ್ಕು ತಾನಾಗಿ ಎಲೆಯತ್ತ ಚಾಚಿಕೊಂಡಿತು. ಅವನು ಅದನ್ನು ಹಿಂದಕ್ಕೆಳೆದುಕೊಂಡ.

“ಮನೆಯಲ್ಲಿ ಕಾಯುತ್ತಿದ್ದಾರೆ.”

“ಹೆಂಡತಿಗೆ ಹೆದರುವವನೆಂದು ಕಾಡೆಲ್ಲ ನಗುತ್ತದೆ!”

“ನಗಲಿ. ಆಟಕ್ಕೆ ಕೂರಬಲ್ಲವರು ಕಾಡಿನ ತುಂಬ ಇದ್ದಾರೆ. ಏಳಬಲ್ಲವರು ಎಷ್ಟು ಮಂದಿ?”

ಗೆದ್ದ ಹಣ್ಣನ್ನು ಕೊಕ್ಕಿನಲ್ಲಿ ಹಿಡಿಸುವಷ್ಟು ತುಂಬಿಕೊಂಡು ಅವನು ಹಾರಿಬಂದಾಗ, ಹೆಂಡತಿ ಮಣ್ಣಿನ ಗೋಡೆಯೊಡೆದು ಹೊರಗೆ ಕೂತಿದ್ದಳು.

“ಸರಿಯಾದ ಹೊತ್ತಿಗೆ ಬಂದಿರಿ,” ಎಂದಳು.

ಪೊಟರೆಯ ಅಂಚಿನಲ್ಲಿ ನಡುಗುತ್ತಿದ್ದ ಮರಿ ಅಪ್ಪನನ್ನು ಕಂಡದ್ದೇ ರೆಕ್ಕೆ ಬಿಚ್ಚಿ, ತನ್ನ ಮೊದಲ ಹಾರಾಟದಲ್ಲೇ ನೇರ ಅವನು ಕೂತಿದ್ದ ಕೊಂಬೆಗೆ ಬಂದು ಕೂತಿತು. ಕೊಕ್ಕಿನ ಹಣ್ಣೆಲ್ಲ ಉದುರಿಹೋದದ್ದೂ ತಿಳಿಯದೆ ದೃಢಚಂಚು ಕಾಡೆಲ್ಲ ಕೇಳುವಂತೆ ಕೇಕೆ ಹಾಕಿದ.